ಟ್ಯಾಬ್ಲೆಟ್ ಮಕ್ಕಳ ಬೆಂಚಿಗೆ ಬರಲಿ, ಗೋಡೆಗೆ ಬೇಡ

ಮಾನ್ಯ ಸಂಪಾದಕರೇ,

ಶಾಲೆಗೆ ಟ್ಯಾಬ್ಲೆಟ್, ಲ್ಯಾಪ್‌ಟಾಪ್ ಬೇಕೋ ಬೇಡವೋ ಎಂಬ ಚರ್ಚೆ ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಕಾವೇರಿದೆ. ಇವು ಬಂದರೆ ಕಲಿಕೆಯ ದಿಕ್ಕೇ ಬದಲಾಗುತ್ತದೆ ಎಂದು ಒಬ್ಬರು ಬರೆದರು. ಮಕ್ಕಳ ಕಣ್ಣು, ಕೈಬರಹ, ಬುದ್ಧಿ ಮೂರೂ ಕೆಡುತ್ತವೆ ಎಂದು ಇನ್ನೊಬ್ಬರು ಉತ್ತರ ಕೊಟ್ಟರು. ನಾನು ಪ್ರೌಢಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನ ಕಲಿಸುವವಳು. ಎರಡೂ ಪತ್ರಗಳನ್ನು ಓದಿದೆ. ತರಗತಿಯ ಬಾಗಿಲು ಹಾಕಿದ ಮೇಲೆ ಒಳಗೆ ಏನು ನಡೆಯುತ್ತದೆ ಎಂಬ ಬಗ್ಗೆ ಎರಡರಲ್ಲೂ ಒಂದು ಸಾಲಿಲ್ಲ. ಯಾವ ಪಾಠಕ್ಕೆ, ಎಷ್ಟು ಹೊತ್ತು, ಎಷ್ಟು ಮಕ್ಕಳಿಗೆ ಒಂದು ಎಂದು ಹೇಳದೆ ಬೇಕು, ಬೇಡ ಎಂದರೆ ಅದು ಬರೀ ಅಭಿಪ್ರಾಯ. ಹಾಗಾಗಿ ಈ ಪತ್ರ. ಉದ್ದವಾಗಿದೆ, ಗೊತ್ತು. ಕತ್ತರಿ ಹಾಕಲೇಬೇಕೆಂದರೆ ದಯವಿಟ್ಟು ಕೊನೆಯಿಂದ ಹಾಕಬೇಡಿ.

ನಾನು ಹೇಳಬೇಕಾದದ್ದು ಇಷ್ಟೇ. ಮಕ್ಕಳು ನೋಡುತ್ತ ಕೂರುವಂತೆ ಮಾಡುವ ಪರದೆಯಿಂದ ತರಗತಿಗೆ ಲಾಭ ಕಡಿಮೆ. ಮಕ್ಕಳು ಏನಾದರೂ ಮಾಡಲೇಬೇಕಾದಂತೆ, ಮಾಡಿದ್ದನ್ನು ಪಕ್ಕದವರಿಗೆ ಹೇಳಲೇಬೇಕಾದಂತೆ ಇಕ್ಕಟ್ಟಿಗೆ ಸಿಕ್ಕಿಸುವ ಪರದೆಯಿಂದ ಲಾಭ ಹೆಚ್ಚು. ಗೋಡೆಗೆ ಮೊಳೆ ಹೊಡೆದು ಕೂರಿಸಿದ ದೊಡ್ಡ ಪರದೆಗಿಂತ ಕೈಯಲ್ಲಿ ಹಿಡಿದು ಓಡಾಡಬಹುದಾದ ಸಣ್ಣ ಯಂತ್ರ ಮೇಲು ಎನ್ನುವುದು ಅದಕ್ಕೇ. ಅದು ಬೆಂಚಿಗೆ ಬರುತ್ತದೆ, ಬಯಲಿಗೆ ಹೋಗುತ್ತದೆ, ಕೆಲಸ ಮುಗಿದ ಮೇಲೆ ಬೀರುವಿಗೆ ವಾಪಸಾಗುತ್ತದೆ. ಈ ಮೂರನೆಯ ಗುಣ ಎಲ್ಲಕ್ಕಿಂತ ಮುಖ್ಯ ಎಂದು ನನಗೆ ಬರಬರುತ್ತ ಅನ್ನಿಸತೊಡಗಿದೆ.

ದೊಡ್ಡ ಪರದೆಯ ತರಗತಿ ಹೇಗಿರುತ್ತದೆ ಎಂದು ಒಳಗೆ ನಿಂತವರಿಗೆ ಗೊತ್ತು. ಹೃದಯ ಬಡಿಯುತ್ತದೆ, ಗ್ರಹಗಳು ಸುತ್ತುತ್ತವೆ, ಹಿನ್ನೆಲೆಯಲ್ಲಿ ಸಂಗೀತ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಮುಗಿದ ಮೇಲೆ ‘ಅರ್ಥವಾಯಿತಾ?’ ಎಂದು ಕೇಳಿದರೆ ‘ಹೌದು ಮಿಸ್’ ಎಂದು ಒಕ್ಕೊರಲಿನ ಉತ್ತರ. ಒಂದು ಪ್ರಶ್ನೆ ಹಾಕಿ ನೋಡಿ, ಎಂದಿನ ಅದೇ ನಾಲ್ಕು ಕೈಗಳು ಮೇಲೇಳುತ್ತವೆ. ಉಳಿದವರು ಬೆಂಚಿನ ಮೇಲಿನ ಗೀರು ಎಣಿಸುತ್ತಾರೆ. ಕಪ್ಪುಹಲಗೆ ಬಣ್ಣದ್ದಾಯಿತು, ತರಗತಿ ಮೊದಲಿನಂತೆಯೇ ಉಳಿಯಿತು.

ಈಗ ಇನ್ನೊಂದು ಪಾಠ. ಮೇಲಿನಿಂದ ಬಿಟ್ಟ ವಸ್ತು ಕೆಳಗೆ ಬೀಳುವಾಗ ಅದರ ವೇಗ ಹೆಚ್ಚುತ್ತಾ ಹೋಗುತ್ತದೆ ಎಂದು ಪುಸ್ತಕದಲ್ಲಿದೆ. ಮಕ್ಕಳು ಒಪ್ಪುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಯಾರೂ ಕಂಡಿಲ್ಲ. ಚೆಂಡು ಅಷ್ಟು ಬೇಗ ಬಿದ್ದುಬಿಡುತ್ತದೆ. ಗೆಲಿಲಿಯೋಗೂ ಇದೇ ತೊಡಕು. ಬೀಳುವ ವಸ್ತುವನ್ನು ಅಳೆಯುವಷ್ಟು ಚುರುಕಾದ ಗಡಿಯಾರ ಅವನ ಬಳಿ ಇರಲಿಲ್ಲ. ಹಾಗಾಗಿ ಗುಂಡನ್ನು ಇಳಿಜಾರು ಹಲಗೆಯ ಮೇಲೆ ಉರುಳಿಸಿ ಚಲನೆಯನ್ನೇ ನಿಧಾನ ಮಾಡಿಕೊಂಡ, ಹರಿದ ನೀರನ್ನು ತೂಗಿ ಕಾಲ ಅಳೆದ. ನಮ್ಮ ಮಕ್ಕಳ ಕೈಯಲ್ಲಿ ಟ್ಯಾಬ್ಲೆಟ್ಟಿನ ಕ್ಯಾಮೆರಾ ಇದೆ. ಅದು ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಅಂದರೆ ಮೂರು ಚಿತ್ರ ಮುಂದೆ ಸರಿದರೆ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದಂತೆ.

ಮೂವರ ಗುಂಪು. ಒಬ್ಬಳು ಗೋಡೆಗೆ ಆನಿಸಿದ ಮೀಟರ್ ಪಟ್ಟಿಯ ಪಕ್ಕ ಚೆಂಡು ಬಿಡುತ್ತಾಳೆ, ಒಬ್ಬ ಚಿತ್ರೀಕರಿಸುತ್ತಾನೆ, ಇನ್ನೊಬ್ಬ ಪುಸ್ತಕದಲ್ಲಿ ಬರೆಯುತ್ತಾನೆ. ಆಮೇಲೆ ವಿಡಿಯೋವನ್ನು ಚಿತ್ರ ಚಿತ್ರವಾಗಿ ಸರಿಸಿ, ಪ್ರತಿ ಮೂರನೇ ಚಿತ್ರದಲ್ಲಿ ಚೆಂಡು ಎಲ್ಲಿದೆ ಎಂದು ಪಟ್ಟಿಯ ಮೇಲೆ ಓದಬೇಕು. ಲೆಕ್ಕದ ಪ್ರಕಾರ ಬಿಟ್ಟ ಜಾಗದಿಂದ ಸುಮಾರು 5 ಸೆಂಟಿಮೀಟರ್, ಆಮೇಲೆ 20, ಆಮೇಲೆ 44 ಬರಬೇಕು. ಹಾಗೆ ನೇರವಾಗಿ ಬಂದರೆ ಪಾಠವೇ ಕೆಟ್ಟಂತೆ. ಬರುವುದಿಲ್ಲ, ಅದೇ ಸೊಗಸು. ಚಿತ್ರದಲ್ಲಿ ಚೆಂಡು ದುಂಡಗಿರದೆ ಉದ್ದಕ್ಕೆ ಎಳೆದಂತೆ ಕಾಣುತ್ತದೆ. ಮೇಲಿನ ಅಂಚು ನೋಡಬೇಕೋ ಕೆಳಗಿನ ಅಂಚೋ ಎಂದು ಮೂವರಲ್ಲೂ ಜಗಳ ಶುರು. ‘ಯಾವುದಾದರೂ ಸರಿ ಕಣೋ, ಪ್ರತಿ ಸಲ ಅದನ್ನೇ ನೋಡು’ ಎಂದು ಒಬ್ಬಳು ತೀರ್ಪು ಕೊಟ್ಟಳು. ಅಳತೆಯ ಪಾಠದಲ್ಲಿ ನಾನು ಎಷ್ಟು ಹೇಳಿದರೂ ಇಳಿಯದ ಮಾತು ಅದು. ಸ್ವಲ್ಪ ಹೊತ್ತಿಗೆ ಹಿಂದಿನ ಗುಂಪಿನಿಂದ ಇನ್ನೊಂದು ಕೂಗು: ‘ಮಿಸ್, ಕೆಳಗೆ ಬಂದಹಾಗೆ ಈ ಗೆರೆ ಉದ್ದ ಆಗ್ತಿದೆ!’ ಚೆಂಡಿನ ಮಸುಕು ಗೆರೆ ಉದ್ದವಾಗುತ್ತಿದೆ ಎಂದರೆ ಕ್ಯಾಮೆರಾದ ಕಣ್ಣು ತೆರೆದಿದ್ದ ಅಷ್ಟೇ ಹೊತ್ತಿನಲ್ಲಿ ಚೆಂಡು ಹೆಚ್ಚು ದೂರ ಹೋಗಿದೆ. ವೇಗ ಹೆಚ್ಚಿದ್ದನ್ನು ಅವರು ಕಣ್ಣಾರೆ ಕಂಡರು. ಅದು ನಾನು ಯೋಜಿಸಿದ ಪಾಠದಲ್ಲಿ ಇರಲೇ ಇಲ್ಲ.

ಪ್ರಯತ್ನಿಸುವ ಶಿಕ್ಷಕರಿಗೆ ಎರಡು ಕಿವಿಮಾತು. ಕಿಟಕಿಯ ಬೆಳಕಿನಲ್ಲಿ ಮಾಡಿ. ಬೆಳಕು ಸಾಲದಿದ್ದರೆ ಎಷ್ಟೋ ಕ್ಯಾಮೆರಾಗಳು ಹೇಳದೆ ಕೇಳದೆ ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆ ಇಳಿಸುತ್ತವೆ, ನಿಮ್ಮ ಲೆಕ್ಕ ತಲೆಕೆಳಗಾಗುತ್ತದೆ. ಟ್ಯಾಬ್ಲೆಟ್ ತೀರಾ ಹತ್ತಿರ ಹಿಡಿಯಬೇಡಿ, ಓರೆಯಿಂದ ನೋಡಿದ ಅಳತೆ ಸುಳ್ಳು ಹೇಳುತ್ತದೆ. ಇಡೀ ಪಾಠದಲ್ಲಿ ಪರದೆ ನೋಡಿದ್ದು ಕಾಲು ಭಾಗ. ಉಳಿದದ್ದೆಲ್ಲ ಪೆನ್ಸಿಲ್, ಗ್ರಾಫ್ ಹಾಳೆ, ವಾಗ್ವಾದ.

ಗಣಿತದ ಕಡೆಗೆ ಬರೋಣ. 0.35 ದೊಡ್ಡದೋ 0.4 ದೊಡ್ಡದೋ? ಇದೇನು ಪ್ರೌಢಶಾಲೆಯ ಪ್ರಶ್ನೆಯೇ ಎನ್ನಬೇಡಿ. ಕೈ ಎತ್ತಿಸಿ ಕೇಳಿದರೆ ಎಲ್ಲರೂ ಜಾಣರು, ಏಕೆಂದರೆ ಮುಂದಿನ ಬೆಂಚಿನವರು ಎತ್ತಿದ್ದನ್ನು ನೋಡಿ ಹಿಂದಿನವರು ಎತ್ತುತ್ತಾರೆ. ಪ್ರತಿಯೊಬ್ಬರೂ ತಮ್ಮ ಉತ್ತರವನ್ನು ಟ್ಯಾಬ್ಲೆಟ್ಟಿನಲ್ಲಿ ಒತ್ತಲಿ, ಯಾರು ಏನು ಒತ್ತಿದರೆಂದು ನನಗೊಬ್ಬಳಿಗೆ ಮಾತ್ರ ಕಾಣಲಿ, ತರಗತಿಗೆ ಯಾವ ಉತ್ತರಕ್ಕೆ ಎಷ್ಟು ಮಂದಿ ಎಂದು ತೋರಿಸುವ ಕಂಬಗಳ ಚಿತ್ರ ಮಾತ್ರ ಕಾಣಲಿ. ಆಗ ನಿಜ ಹೊರಬೀಳುತ್ತದೆ. 35 ನಾಲ್ಕಕ್ಕಿಂತ ದೊಡ್ಡದಲ್ಲವೇ, ಆದ್ದರಿಂದ 0.35 ದೊಡ್ಡದು ಎನ್ನುವವರು ಪ್ರತಿ ವರ್ಷವೂ ಸಿಗುತ್ತಾರೆ. ಇಷ್ಟಕ್ಕೇ ನಿಲ್ಲಿಸಬಾರದು. ಮುಂದಿನ ಪ್ರಶ್ನೆ: 0.3 ದೊಡ್ಡದೋ 0.45 ದೊಡ್ಡದೋ? ಮೊದಲ ಪ್ರಶ್ನೆಗೆ ಸರಿ ಉತ್ತರ ಕೊಟ್ಟವರಲ್ಲೇ ಕೆಲವರು ಇಲ್ಲಿ 0.3 ಒತ್ತುತ್ತಾರೆ. ಅವರ ತಲೆಯಲ್ಲಿರುವ ನಿಯಮ ಬೇರೆ: ದಶಾಂಶ ಬಿಂದುವಿನ ನಂತರ ಅಂಕಿ ಕಡಿಮೆ ಇದ್ದಷ್ಟೂ ಸಂಖ್ಯೆ ದೊಡ್ಡದು! ಹತ್ತನೆಯ ಭಾಗ ನೂರನೆಯ ಭಾಗಕ್ಕಿಂತ ದೊಡ್ಡದು ಎಂದು ನಾವೇ ಹೇಳಿಕೊಟ್ಟದ್ದನ್ನು ಅವರು ಹಿಗ್ಗಿಸಿಕೊಂಡಿದ್ದಾರೆ. ತಪ್ಪು ದಾರಿಯಲ್ಲಿ ಸರಿ ಉತ್ತರಕ್ಕೆ ಬಂದ ಈ ಮಕ್ಕಳನ್ನು ಉತ್ತರ ಪತ್ರಿಕೆ ತಿದ್ದುವಾಗ ಹಿಡಿಯುವುದು ಬಲು ಕಷ್ಟ. ಎರಡು ಪ್ರಶ್ನೆಗಳ ಉತ್ತರ ಅಕ್ಕಪಕ್ಕ ಕಂಡ ಆ ಗಳಿಗೆಯಲ್ಲೇ ಹಿಡಿಯಬಹುದು.

ಕಂಬಗಳ ಚಿತ್ರ ಕಂಡ ಕೂಡಲೇ ಸರಿ ಉತ್ತರ ಹೇಳಿಬಿಡುವ ಆಸೆ ಯಾವ ಶಿಕ್ಷಕರಿಗೂ ಬರುತ್ತದೆ. ಹೇಳಬಾರದು. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜುರ್ 1990ರ ದಶಕದಿಂದ ಬಳಕೆಗೆ ತಂದ ಕ್ರಮ ಇದು. ಮೊದಲು ಒಬ್ಬೊಬ್ಬರೇ ಯೋಚಿಸಿ ಉತ್ತರಿಸಬೇಕು. ಸರಿ ಉತ್ತರ ಕೊಟ್ಟವರು ನೂರಕ್ಕೆ ಸುಮಾರು 30ರಿಂದ 70ರ ನಡುವೆ ಇದ್ದರೆ, ಬೇರೆ ಉತ್ತರ ಕೊಟ್ಟ ಪಕ್ಕದವರ ಜೊತೆ ವಾದ ಮಾಡಿ ಮತ್ತೊಮ್ಮೆ ಉತ್ತರಿಸಬೇಕು. 30ಕ್ಕಿಂತ ಕಡಿಮೆಯಾದರೆ ಶಿಕ್ಷಕರೇ ಮತ್ತೆ ವಿವರಿಸಬೇಕು, 70 ದಾಟಿದರೆ ಚುಟುಕಾಗಿ ಹೇಳಿ ಮುಂದಕ್ಕೆ ಹೋಗಬಹುದು. ಎರಡನೇ ಸಲದ ಕಂಬ ಏರಿದ್ದು ಕಂಡಾಗ ಮಕ್ಕಳ ಮುಖ ನೋಡಬೇಕು, ಹೇಳಿಕೊಟ್ಟವರು ತಾವೇ ಎಂಬ ಜಂಬ.

ಯಂತ್ರ ಮಾರುವವರು ಹೇಳದ ಸಂಗತಿಯೊಂದು ಇಲ್ಲಿದೆ. ಇದೇ ಕ್ರಮವನ್ನು ಎ, ಬಿ, ಸಿ, ಡಿ ಎಂದು ಬರೆದ ರಟ್ಟಿನ ಚೀಟಿ ಎತ್ತಿಸಿಯೂ, ಗುಂಡಿ ಒತ್ತುವ ಯಂತ್ರ ಕೊಟ್ಟೂ ಹೋಲಿಸಿ ನೋಡಿದ್ದಾರೆ. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ವಿದ್ಯಾರ್ಥಿಗಳ ಕಲಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕಲಿಸಿದ್ದು ಪ್ರಶ್ನೆ ಮತ್ತು ಪಕ್ಕದವರೊಂದಿಗಿನ ವಾದ. ಹಾಗಾದರೆ ಯಂತ್ರ ಯಾಕೆ? ಯಾರು ಯಾವ ದಾರಿಯಲ್ಲಿ ತಪ್ಪಿದರು ಎಂಬ ದಾಖಲೆ ನನ್ನ ಬಳಿ ಉಳಿಯುತ್ತದೆ, ನಾಳೆ ಯಾರನ್ನು ಯಾರ ಪಕ್ಕ ಕೂರಿಸಬೇಕು ಎಂದು ಗೊತ್ತಾಗುತ್ತದೆ. ಅಷ್ಟು ಬೇಡ ಎನ್ನುವವರು ರಟ್ಟಿನ ಚೀಟಿಯಿಂದಲೇ ನಾಳೆ ಬೆಳಗ್ಗೆ ಶುರು ಮಾಡಬಹುದು. ಚೀಟಿ ಹಿಡಿದು ಈ ಕ್ರಮ ನಡೆಸಲು ಬಾರದವರಿಗೆ ಟ್ಯಾಬ್ಲೆಟ್ ಬಂದ ಮೇಲೂ ಬರುವುದಿಲ್ಲ.

ಚೀಟಿಯಿಂದ ಆಗದ ಕೆಲಸವೂ ಇದೆ. ತ್ರಿಭುಜದ ಮೂರು ಎತ್ತರಗಳು ಒಂದೇ ಬಿಂದುವಿನಲ್ಲಿ ಸೇರುತ್ತವೆ, ಅದು ಲಂಬಕೇಂದ್ರ. ಹಲಗೆಯ ಮೇಲೆ ನಾನು ಬರೆಯುವ ತ್ರಿಭುಜ ಯಾವಾಗಲೂ ಅಚ್ಚುಕಟ್ಟಾದ ಲಘುಕೋನದ್ದು, ಕೇಂದ್ರ ಯಾವಾಗಲೂ ಒಳಗೆ. ಜಿಯೋಜಿಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ಮಗು ತ್ರಿಭುಜದ ಒಂದು ಶೃಂಗವನ್ನು ಬೆರಳಿನಿಂದ ಎಳೆಯುತ್ತದೆ. ಬಿಂದು ಒಳಗೆ ಓಡಾಡುತ್ತ ಬಂದು, ಕೋನ ಲಂಬವಾದ ಕ್ಷಣ ಸರಿಯಾಗಿ ಆ ಮೂಲೆಯ ಮೇಲೇ ಕೂರುತ್ತದೆ, ಇನ್ನೂ ಎಳೆದರೆ ತ್ರಿಭುಜದ ಹೊರಗೆ ನೆಗೆಯುತ್ತದೆ. ‘ಹೊರಗೆ ಹೋಯ್ತು!’ ಎಂಬ ಕಿರುಚಾಟ ಬೇರೆ ಬೇರೆ ಮೂಲೆಗಳಿಂದ ಒಂದಾದ ಮೇಲೊಂದು ಕೇಳಿಸುತ್ತದೆ. ಯಾಕೆ ಹೋಯಿತು ಎಂದು ಕೇಳಿದರೆ ಆಮೇಲೆ ಪುಸ್ತಕ ತೆಗೆಯುತ್ತಾರೆ, ತಾವಾಗಿಯೇ. ಇದನ್ನೇ ನಾನು ದೊಡ್ಡ ಪರದೆಯ ಮೇಲೆ ಎಳೆದು ತೋರಿಸಿದರೆ ಅದು ನನ್ನ ಚಮತ್ಕಾರವಾಗುತ್ತದೆ. ಅವರ ಬೆರಳಿನಲ್ಲಾದರೆ ಅವರದೇ ಪ್ರಶ್ನೆ.

ಹಲಗೆಯ ಅಕ್ಷರ ಕಾಣದೆ ವರ್ಷಗಟ್ಟಲೆ ಪಕ್ಕದವರ ಪುಸ್ತಕ ನೋಡಿ ಬರೆದುಕೊಳ್ಳುವ ಮಕ್ಕಳಿಗೆ, ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳುವ ಅನುಕೂಲವೊಂದೇ ಸಾಕು. ಈ ಬಗ್ಗೆ ವಾದವೇ ಬೇಡ.

ಇನ್ನು ಬೇಡ ಎಂದವರ ಮಾತು. ಅವರನ್ನು ಹಳೇ ಕಾಲದವರು ಎಂದು ತಳ್ಳಿಹಾಕುವವರ ಪೈಕಿ ನಾನಲ್ಲ, ಅವರ ಕೈಯಲ್ಲಿ ಗಟ್ಟಿ ಸಾಕ್ಷ್ಯವಿದೆ. ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಕನಸನ್ನು ಅಮೆರಿಕದ ಕಂಪ್ಯೂಟರ್ ತಜ್ಞ ನಿಕೊಲಸ್ ನೆಗ್ರೊಪಾಂಟೆ 2005ರಲ್ಲಿ ಜಗತ್ತಿನ ಮುಂದಿಟ್ಟರು. ಪೆರು ದೇಶ ಆ ಹಸಿರು ಬಿಳಿ ಯಂತ್ರಗಳನ್ನು ಲಕ್ಷಗಟ್ಟಲೆ ಹಂಚಿತು. ಅಲ್ಲಿನ 319 ಗ್ರಾಮೀಣ ಪ್ರಾಥಮಿಕ ಶಾಲೆಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಂತ್ರ ಬಂದು ಸುಮಾರು 15 ತಿಂಗಳಾದರೂ ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ಏರಿಕೆಯ ಸುಳಿವಿರಲಿಲ್ಲ. ಮಕ್ಕಳು ಯಂತ್ರ ಬಳಸುವುದು ಹೆಚ್ಚಿತು, ಪಾಠ ಮಾಡುವ ರೀತಿ ಬದಲಾಗಲಿಲ್ಲ. ತರಗತಿಯ ಕಂಪ್ಯೂಟರಿಗೆ ಹೆಚ್ಚು ಖರ್ಚು ಮಾಡಿದ ದೇಶಗಳ ಮಕ್ಕಳು ಓದು, ಗಣಿತ, ವಿಜ್ಞಾನದಲ್ಲಿ ಹೇಳಿಕೊಳ್ಳುವಂಥ ಪ್ರಗತಿ ತೋರಿಲ್ಲ ಎಂದು 2015ರಲ್ಲಿ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ (ಒಇಸಿಡಿ) ವರದಿಯೂ ಹೇಳಿತು. ಇವನ್ನೆಲ್ಲ ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಕುಂಟೆ ತಂದು ಅಂಗಳದಲ್ಲಿಟ್ಟರೆ ಹೊಲ ಹಸನಾಗುವುದಿಲ್ಲ.

ಇದರ ಪಕ್ಕದಲ್ಲೇ ಇಡಬೇಕಾದ ಇನ್ನೊಂದು ಫಲಿತಾಂಶವಿದೆ. ದೆಹಲಿಯಲ್ಲಿ ಶಾಲೆ ಬಿಟ್ಟ ಮೇಲೆ ನಡೆಯುವ ಕೇಂದ್ರಗಳಲ್ಲಿ, ಪ್ರತಿ ಮಗು ಕಲಿಕೆಯಲ್ಲಿ ಈಗ ಎಲ್ಲಿದೆಯೋ ಅಲ್ಲಿಂದಲೇ ಪ್ರಶ್ನೆ ಕೊಡುವ ತಂತ್ರಾಂಶವನ್ನು ನಾಲ್ಕೂವರೆ ತಿಂಗಳು ಪರೀಕ್ಷಿಸಿದರು. 2019ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಗಣಿತ, ಹಿಂದಿ ಎರಡರಲ್ಲೂ ಗಣನೀಯ ಲಾಭ ಕಂಡಿತು. ಅಲ್ಲಿ ಯಂತ್ರದ ಜೊತೆಗೆ ಸಣ್ಣ ಗುಂಪಿನಲ್ಲಿ ಪಾಠ ಹೇಳುವವರೂ ಇದ್ದರು ಎಂಬುದನ್ನು ಮರೆಯಬಾರದು. ಪೆರುವಿನಲ್ಲೂ ಯಂತ್ರ, ದೆಹಲಿಯಲ್ಲೂ ಯಂತ್ರ. ಅದರಿಂದ ಮಾಡಿಸಿದ ಕೆಲಸ ಬೇರೆ.

ಏಕಾಗ್ರತೆಯ ದೂರು ಕೂಡ ನಿಜ. ಉಪನ್ಯಾಸದ ನಡುವೆ ಲ್ಯಾಪ್‌ಟಾಪಿನಲ್ಲಿ ಬೇರೇನೋ ನೋಡಿದವರ ಅಂಕ ಇಳಿಯಿತು, ಅದರ ಜೊತೆಗೆ ಅವರ ಪರದೆ ಕಣ್ಣಿಗೆ ಬೀಳುವ ಕಡೆ ಕೂತಿದ್ದವರ ಅಂಕವೂ ಇಳಿಯಿತು ಎಂದು ಕೆನಡಾದ ಸಂಶೋಧಕರು 2013ರಲ್ಲಿ ತೋರಿಸಿದರು. ಏನೂ ಮಾಡದವರಿಗೂ ಶಿಕ್ಷೆ! ಕೈಬರಹದ ಟಿಪ್ಪಣಿಯೇ ಮೇಲು ಎಂದು 2014ರ ಪ್ರಸಿದ್ಧ ಅಧ್ಯಯನ ಹೇಳಿತ್ತು. 2019ರಲ್ಲಿ ಅದನ್ನು ಮತ್ತೆ ಮಾಡಿ ನೋಡಿದಾಗ ವ್ಯತ್ಯಾಸ ಅಷ್ಟು ಖಚಿತವಾಗಿ ಕಾಣಲಿಲ್ಲ. ಅದು ಏನೇ ಇರಲಿ, ನನ್ನ ತರಗತಿಯಲ್ಲಿ ಟಿಪ್ಪಣಿ ಪುಸ್ತಕದಲ್ಲೇ. ನಾನು ಮಾತಾಡುವಾಗ ಟ್ಯಾಬ್ಲೆಟ್ ಬೋರಲಾಗಿ ಮಲಗಿರಬೇಕು. ಈ ಒಂದು ನಿಯಮ ಪಾಲಿಸಲು ಸಾಧ್ಯವಾಗುವುದು ಅದು ಮಗುವಿನ ಸ್ವಂತದ್ದಲ್ಲ, ತರಗತಿಯದು ಎಂಬ ಕಾರಣಕ್ಕೆ.

ಹಾಗಾಗಿ ಮಗುವಿಗೊಂದು ಎಂಬ ಘೋಷಣೆಯ ವಿರುದ್ಧ ನನ್ನ ಮತ. ಒಬ್ಬೊಬ್ಬರಿಂದಲೂ ಉತ್ತರ ಒತ್ತಿಸುವ ಹೊತ್ತಿಗೆ ಯಂತ್ರ ಕೈಯಿಂದ ಕೈಗೆ ಸರಿದರೆ ಸಾಕು. ಉಳಿದಂತೆ ಇಬ್ಬರಿಗೆ ಅಥವಾ ಮೂವರಿಗೆ ಒಂದು. ಆಗ ಒಬ್ಬರು ಒತ್ತುವ ಮುಂಚೆ ಇನ್ನೊಬ್ಬರು ‘ತಡಿ, ಅದಲ್ಲ’ ಎನ್ನುತ್ತಾರೆ, ನನಗೆ ಬೇಕಾದದ್ದು ಆ ‘ತಡಿ’. ಗಟ್ಟಿ ದನಿಯವರೇ ಯಂತ್ರ ಹಿಡಿದು ಕೂರುವ ಅಪಾಯವಿದೆ. ಅದಕ್ಕೆ ಮದ್ದು, ಪ್ರತಿ ಪ್ರಶ್ನೆಗೂ ಬಲಗಡೆಯವರಿಗೆ ದಾಟಿಸುವುದು. ಒತ್ತುವವರು ಮಾತಾಡಬಾರದು, ಹೇಳುವವರು ಒತ್ತಬಾರದು ಎಂಬ ನಿಯಮ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಗದ್ದಲವಾಗುತ್ತದೆ. ಪಕ್ಕದ ಕೊಠಡಿಯವರು ಇಣುಕಿ ನೋಡಿ ಹೋಗುತ್ತಾರೆ. ನೋಡಲಿ.

ಇನ್ನು ಯಾರೂ ಪತ್ರ ಬರೆಯದ ವಿಷಯಗಳು. ಪೀರಿಯಡ್ಡಿನ ಮೊದಲ ಹತ್ತು ನಿಮಿಷ ಪಾಸ್‌ವರ್ಡ್ ಮರೆತವರಿಗೆ, ಚಾರ್ಜ್ ಇಲ್ಲದವರಿಗೆ, ಅಪ್‌ಡೇಟ್ ಆಗುತ್ತಿದೆ ಎಂದು ಸುತ್ತುವ ಚಕ್ರಕ್ಕೆ ಹೋದರೆ ಯಾವ ಕ್ರಮವೂ ಉಳಿಯುವುದಿಲ್ಲ. ಯಂತ್ರಗಳಿಗೆ ನಂಬರು ಬರೆದು, ಆ ನಂಬರಿನ ಬೆಂಚಿಗೆ ಅದೇ ಯಂತ್ರ ಎಂದು ಗೊತ್ತು ಮಾಡಿ, ಹಂಚುವ ಕೆಲಸವನ್ನು ಮಕ್ಕಳಿಗೇ ಬಿಟ್ಟರೆ ಆ ಹತ್ತು ಎರಡಾಗುತ್ತದೆ. ಇಂಟರ್ನೆಟ್ ಇದ್ದರೆ ಮಾತ್ರ ನಡೆಯುವ ಪಾಠವನ್ನು ನಾನು ಪಾಠ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಜಿಯೋಜಿಬ್ರಾ ಇಂಟರ್ನೆಟ್ ಇಲ್ಲದೆಯೂ ಓಡುತ್ತದೆ, ಕ್ಯಾಮೆರಾಗೆ ಇಂಟರ್ನೆಟ್ ಬೇಕೇ ಇಲ್ಲ, ಪಾಠಗಳನ್ನೂ ಪ್ರಶ್ನೆಗಳನ್ನೂ ತರಗತಿಯೊಳಗಿನ ಒಂದು ಪುಟ್ಟ ಯಂತ್ರದಿಂದಲೇ ಹಂಚುವ ಕೊಲಿಬ್ರಿಯಂಥ ಉಚಿತ ತಂತ್ರಾಂಶಗಳಿವೆ. ದೀರ್ಘ ರಜೆಯಲ್ಲಿ ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೂ ಇಡಬಾರದು, ಪೂರ್ತಿ ಬರಿದಾಗಲೂ ಬಿಡಬಾರದು, ಅರ್ಧದ ಆಸುಪಾಸು ಇರಲಿ. ಶಾಲೆ ಶುರುವಾದ ದಿನ ಅರ್ಧಕ್ಕರ್ಧ ಯಂತ್ರಗಳು ಜೀವ ಬಿಟ್ಟಿದ್ದರೆ ಕಾರಣ ಹೆಚ್ಚಾಗಿ ಇದೇ.

ಪುಕ್ಕಟೆ ಸಿಗುವ ಆ್ಯಪ್‌ಗಳ ಬಗ್ಗೆ ಪೋಷಕರು ಪ್ರಶ್ನೆ ಕೇಳಬೇಕು, ಕೇಳುವವರು ಕಡಿಮೆ. ಸಾಂಕ್ರಾಮಿಕದ ಕಾಲದಲ್ಲಿ 49 ದೇಶಗಳ ಸರ್ಕಾರಗಳು ಶಿಫಾರಸು ಮಾಡಿದ ಕಲಿಕಾ ಆ್ಯಪ್ ಮತ್ತು ಜಾಲತಾಣಗಳನ್ನು ಹ್ಯೂಮನ್ ರೈಟ್ಸ್ ವಾಚ್ ಎಂಬ ಮಾನವ ಹಕ್ಕುಗಳ ಸಂಸ್ಥೆ ಪರಿಶೀಲಿಸಿ, ಅವುಗಳಲ್ಲಿ ಬಹುಪಾಲು ಮಕ್ಕಳ ಖಾಸಗಿತನಕ್ಕೆ ಧಕ್ಕೆ ತರುವ ರೀತಿಯಲ್ಲಿ ಮಾಹಿತಿ ನಿರ್ವಹಿಸುತ್ತಿದ್ದವು ಎಂದು 2022ರಲ್ಲಿ ಹೇಳಿತು. ನನ್ನ ಮಟ್ಟಿಗೆ, ಮಗುವಿನ ಹೆಸರಿನ ಜಾಗದಲ್ಲಿ ಬೆಂಚಿನ ನಂಬರು ಹಾಕುತ್ತೇನೆ. ಉತ್ತರ ಯಾರದೆಂದು ಗುರುತಿಸಲು ಅಷ್ಟು ಸಾಕು.

ಶಿಕ್ಷಕರ ತರಬೇತಿಯ ಬಗ್ಗೆ ಒಂದು ಮಾತು, ತುಸು ಖಾರವಾಗಿಯೇ. ನಾನು ಕೂತ ತರಬೇತಿಗಳಲ್ಲಿ ಯಂತ್ರವನ್ನು ಆನ್ ಮಾಡುವುದು, ಆಫ್ ಮಾಡುವುದು, ಪರದೆ ಒರೆಸುವುದು ಕಲಿಸಿದ್ದಾರೆ. ಬೀಳುವ ಚೆಂಡನ್ನು ಹೇಗೆ ಕಲಿಸುವುದು ಎಂದು ಯಾರೂ ಕೇಳಲಿಲ್ಲ. ನಾನು ಕಲಿತದ್ದು ಸಹೋದ್ಯೋಗಿಯೊಬ್ಬರ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು, ಅವರ ಪಾಠ ಎಲ್ಲಿ ಎಡವಿತು ಎಂದು ನೋಡಿ. ವಾರಕ್ಕೊಂದು ಪೀರಿಯಡ್ ಹೀಗೆ ಪರಸ್ಪರರ ತರಗತಿಯಲ್ಲಿ ಕೂರಲು ಬಿಡುವು ಕೊಟ್ಟರೆ ಇನ್ನಾವ ತರಬೇತಿಯೂ ಬೇಡ.

ಯಂತ್ರ ಕೊಳ್ಳುವ ತೀರ್ಮಾನ ಮಾಡುವವರಿಗೆ ನನ್ನದೊಂದು ಕೋರಿಕೆ. ಆರ್ಡರ್ ಹಾಕುವ ಮುಂಚೆ ಶಿಕ್ಷಕರನ್ನು ಕೂರಿಸಿ, ಇದು ಬಂದರೆ ಯಾವ ಯಾವ ಪಾಠ ಬದಲಾಗುತ್ತದೆ, ಹೇಗೆ ಎಂದು ಬರೆದುಕೊಡಲು ಹೇಳಿ. ಹತ್ತು ಪಾಠವೂ ಬರೆಯಲಾಗದ ಶಾಲೆಗೆ ಈಗಲೇ ಕೊಳ್ಳಬೇಡಿ. ನನ್ನ ಪಟ್ಟಿ ಸಿದ್ಧವಿದೆ: ಬೀಳುವ ಚೆಂಡು, ಲೋಲಕ, ದಶಾಂಶ, ಲಂಬಕೇಂದ್ರ, ರೇಖೆಯ ಇಳಿಜಾರು, ಮಸೂರದ ಬಿಂಬ, ನಾಣ್ಯ ಚಿಮ್ಮುವ ಸಂಭವನೀಯತೆ, ಇನ್ನೂ ಕೆಲವು. ವರ್ಗಸಮೀಕರಣ ಬಿಡಿಸುವುದನ್ನು ಕಲಿಸಲು ನನಗೆ ಟ್ಯಾಬ್ಲೆಟ್ ಬೇಡ, ಅದಕ್ಕೆ ಸೀಮೆಸುಣ್ಣವೇ ಸರಿ.

ಇತಿ,
ಪ್ರೌಢಶಾಲೆಯ ಗಣಿತ ಶಿಕ್ಷಕಿ